17ನೇ ನಿಮಿಷಕ್ಕೆ ನಿಂತ ಸಿನಿಮಾ: ಸಿಡಿ ನಂಬೋಣವೋ, ಸ್ಟ್ರೀಮಿಂಗ್ ನಂಬೋಣವೋ?

ಕಳೆದ ದಸರಾ ರಜೆಗೆ ಮಾವನವರು ನಮ್ಮ ಮನೆಗೆ ಬಂದಿದ್ದರು. ರಾತ್ರಿ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮದುವೆಯಾದ ಹೊಸತರಲ್ಲಿ ಅತ್ತೆಯ ಜೊತೆ ಟಾಕೀಸಿನಲ್ಲಿ ನೋಡಿದ್ದ ಒಂದು ಕನ್ನಡ ಸಿನಿಮಾದ ಹೆಸರು ಹೇಳಿದರು. "ಅದನ್ನ ಹಾಕು, ನೋಡೋಣ" ಅಂದರು. ನಾನು ಸ್ವಲ್ಪ ಜಂಬದಲ್ಲೇ ರಿಮೋಟ್ ತಗೊಂಡೆ. ಆ ಸಿನಿಮಾ ಎಷ್ಟೋ ತಿಂಗಳಿಂದ ನನ್ನ ವಾಚ್‌ಲಿಸ್ಟಿನಲ್ಲೇ ಇತ್ತು. ಪೋಸ್ಟರ್ ಒತ್ತಿದರೆ ಒಂದೇ ಸಾಲು ಬಂತು: ಈ ಚಿತ್ರ ಸದ್ಯಕ್ಕೆ ಲಭ್ಯವಿಲ್ಲ. ದುಡ್ಡು ಕಟ್ಟಿದ್ದೇನೆ, ನೆಟ್ ಚೆನ್ನಾಗಿದೆ, ಟಿವಿ ಹೊಸದು. ಸಿನಿಮಾ ಮಾತ್ರ ಇಲ್ಲ.

ಸೋಲೊಪ್ಪದೆ ಅಟ್ಟ ಹತ್ತಿದೆ. ಹಳೇ ರಟ್ಟಿನ ಡಬ್ಬದಲ್ಲಿ ಅದೇ ಸಿನಿಮಾದ ವಿಸಿಡಿ ಸಿಕ್ಕಿತು. ಎರಡು ಡಿಸ್ಕ್, ಒಡೆದ ಪ್ಲಾಸ್ಟಿಕ್ ಕೇಸು, ಮಾಸಿದ ಹೊದಿಕೆ. ಸಿಡಿ ಸಿಕ್ಕಿತು ಸರಿ, ಹಾಕೋದು ಎಲ್ಲಿ? ಲ್ಯಾಪ್‌ಟಾಪಿಗೆ ಡ್ರೈವ್ ಇಲ್ಲ. ಮಹಡಿ ಮನೆಯವರ ಹತ್ತಿರ ಹಳೇ ಡಿವಿಡಿ ಪ್ಲೇಯರ್ ಇತ್ತು, ಆದರೆ ಅದರ ಹಳದಿ, ಕೆಂಪು, ಬಿಳಿ ವೈರುಗಳನ್ನು ಚುಚ್ಚುವ ತೂತುಗಳೇ ನಮ್ಮ ಟಿವಿಯಲ್ಲಿಲ್ಲ. ಕೊನೆಗೆ ಮನೆಮಂದಿಯೆಲ್ಲ ಅವರ ಮನೆಗೇ ಹೋಗಿ ಕೂತೆವು. ಮೊದಲ ಡಿಸ್ಕ್ ಚೆನ್ನಾಗಿ ಓಡಿತು. ಎರಡನೆಯದು 17ನೇ ನಿಮಿಷಕ್ಕೆ ಬಂದು ಚೌಕಚೌಕವಾಗಿ ಒಡೆದು, ಕಟ್ ಕಟ್ ಅಂತ ಸದ್ದು ಮಾಡಿ ನಿಂತುಬಿಟ್ಟಿತು. "ಟಾಕೀಸೇ ವಾಸಿ ಕಣಯ್ಯ, ರೀಲ್ ಕಟ್ಟಾದರೆ ಕೂಗಾಡಬಹುದಿತ್ತು" ಅಂದರು ಮಾವ.

ಒಂದೇ ರಾತ್ರಿ ಎರಡೂ ಕೈಕೊಟ್ಟವು. ಆದರೆ ಕೈಕೊಟ್ಟ ರೀತಿ ಬೇರೆ ಬೇರೆ. ಆ ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಯಾವುದು ಜಾಸ್ತಿ ನಂಬಿಕಸ್ಥ ಅಂತ ಕೇಳುವಾಗ ನಾವು ಎರಡು ಪ್ರಶ್ನೆಗಳನ್ನು ಒಂದೇ ಮಾಡಿ ಕೇಳುತ್ತಿರುತ್ತೇವೆ. ಇವತ್ತು ರಾತ್ರಿ ಒತ್ತಿದರೆ ಓಡುತ್ತಾ ಅನ್ನುವುದು ಒಂದು. ಹತ್ತು ವರ್ಷ ಬಿಟ್ಟು ಬಂದರೂ ಅಲ್ಲೇ ಇರುತ್ತಾ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಚೆನ್ನಾಗಿ ಪಾಸಾದದ್ದು ಎರಡನೆಯದರಲ್ಲಿ ಫೇಲಾಗಬಹುದು.

ಮಳೆ ಬರುತ್ತಿದ್ದ ಕ್ಯಾಸೆಟ್

ಮೊದಲು ಕ್ಯಾಸೆಟ್ಟಿನ ವಿಷಯ. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಎಂಬ ವಿಡಿಯೊ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ನಮ್ಮಲ್ಲಿ ಅದರ ಗಾಳಿ ಬೀಸಿದ್ದು 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂದ ಮೇಲೆ. ಗಣೇಶನ ಹಬ್ಬಕ್ಕೆ ಚಂದಾ ಎತ್ತಿ, ಟಿವಿ, ಕ್ಯಾಸೆಟ್ ಓಡಿಸುವ ವಿಸಿಪಿ ಬಾಡಿಗೆಗೆ ತಂದು, ಬೆಳಗಾಗುವವರೆಗೆ ಮೂರು ಸಿನಿಮಾ ಹಾಕಿಸುತ್ತಿದ್ದ ಕಾಲ ಅದು. ಮೂರನೇ ಸಿನಿಮಾ ಹೊತ್ತಿಗೆ ಅರ್ಧ ಊರು ಚಾಪೆ ಮೇಲೆ ನಿದ್ದೆ ಹೋಗಿರುತ್ತಿತ್ತು. ಪರದೆ ತುಂಬ ಗೆರೆ ಬಂದರೆ ವಿಸಿಪಿ ತಂದ ಹುಡುಗ ಮುಚ್ಚಳ ತೆಗೆದು, ಜೇಬಿನಿಂದ ಒಂದು ಗರಿಗರಿ ನೋಟು ತೆಗೆದು ಟೇಪ್ ಓದುವ ಹೆಡ್ ಒರೆಸುತ್ತಿದ್ದ. ಆ ನೋಟು ಅವನು ಖರ್ಚು ಮಾಡಿದ್ದನ್ನು ನಾನು ನೋಡಲಿಲ್ಲ.

ಅರ್ಧ ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಅಯಸ್ಕಾಂತದ ಪುಡಿ. ಕ್ಯಾಸೆಟ್ ಅಂದರೆ ಇಷ್ಟೇ. ನಮ್ಮ ದೇಶದ ಟಿವಿಯ ಪಾಲ್ ಎಂಬ ಪದ್ಧತಿಯಲ್ಲಿ ಹೆಡ್ ಕೂತ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತಾ ಆ ಪಟ್ಟಿಯನ್ನು ಸವರುತ್ತದೆ. ಅಂದರೆ ಪ್ರತಿ ಸಲ ನೋಡಿದಾಗಲೂ ಒಂದಿಷ್ಟು ಸವೆಯುತ್ತದೆ. ನೋಡದೆ ಇಟ್ಟರೂ ಬಿಡುವುದಿಲ್ಲ. ತೇವ ತಾಗಿದರೆ ಅಂಟು ಜಿಗುಟಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ನಾಲ್ಕು ಮಳೆಗಾಲ ಕಂಡ ಕ್ಯಾಸೆಟ್ಟಿನ ಕಿಟಕಿಯೊಳಗೆ ಇಣುಕಿದರೆ, ಸುರುಳಿಯ ಅಂಚಿಗೆ ಬಿಳೀ ಪುಡಿ ಕೂತಿರುವುದು ಕಾಣುತ್ತದೆ.

ಹಾಗಿದ್ದರೂ ಕ್ಯಾಸೆಟ್ಟಿಗೆ ಒಂದು ಒಳ್ಳೇ ಗುಣ ಇತ್ತು. ಅದು ನಿಧಾನಕ್ಕೆ ಕೆಡುತ್ತಿತ್ತು. ಮಳೆ ಬಂದ ಹಾಗೆ ಗೆರೆ ಬರುತ್ತದೆ, ಬಣ್ಣ ಹರಡುತ್ತದೆ, ದನಿ ಅದುರುತ್ತದೆ, ಆದರೆ ಕಥೆ ನಿಲ್ಲುವುದಿಲ್ಲ. ಟ್ರ್ಯಾಕಿಂಗ್ ತಿರುಗಿಸಿಕೊಂಡು ಹೇಗೋ ನೋಡಬಹುದು. ಈಗಿನ ತೊಂದರೆ ಅಂದರೆ ಟೇಪಿಗಿಂತ ಮೊದಲು ಯಂತ್ರ ಸಾಯುತ್ತಿದೆ. ಕ್ಯಾಸೆಟ್ ಓಡಿಸುವ, ರೆಕಾರ್ಡ್ ಮಾಡುವ ವಿಸಿಆರ್ ತಯಾರಿಸುತ್ತಿದ್ದ ಕಡೆಯ ಕಂಪನಿ ಎಂದು ಹೆಸರಾದ ಜಪಾನಿನ ಫುನೈ 2016ರ ಜುಲೈನಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಸೋನಿ ತನ್ನ ಬೀಟಾಮ್ಯಾಕ್ಸ್ ಕ್ಯಾಸೆಟ್ಟುಗಳನ್ನು ನಿಲ್ಲಿಸಿದ್ದೂ ಅದೇ ವರ್ಷ. ಬೆಲ್ಟು, ರಬ್ಬರು, ಹೆಡ್ಡು ಸಿಗದೆ ರಿಪೇರಿಯವರೂ ಕೈಚೆಲ್ಲುತ್ತಾರೆ. ಟೇಪಿನಲ್ಲಿರುವುದನ್ನೆಲ್ಲ ಬೇರೆ ಕಡೆಗೆ ಇಳಿಸಿಕೊಳ್ಳಲು ಜಗತ್ತಿನ ಧ್ವನಿ, ದೃಶ್ಯ ಸಂಗ್ರಹಾಲಯಗಳವರು ತಮಗೆ ತಾವೇ ಹಾಕಿಕೊಂಡಿದ್ದ ಗಡುವು 2025. ಅದೂ ಮುಗಿಯಿತು.

ಸಿಡಿ ಯಾಕೆ ನಿಂತಿತು

ಆ ರಾತ್ರಿ ನಮ್ಮ ಎರಡನೇ ಡಿಸ್ಕಿಗೆ ಆದದ್ದೇನು? ಮಾರನೇ ದಿನ ಅದನ್ನು ಬಲ್ಬಿಗೆ ಹಿಡಿದು ನೋಡಿದೆ. ಎಲ್ಲರೂ ಹೊಳೆಯುವ ಮುಖವನ್ನೇ ನೋಡುತ್ತಾರೆ, ನಾನೂ ಹಾಗೇ ಮಾಡಿದೆ. ಅಲ್ಲಿ ಅಂಥ ದೊಡ್ಡ ಗೀರು ಇರಲಿಲ್ಲ. ಆದರೆ ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಹೊಳೆದವು. ತಿರುಗಿಸಿ ನೋಡಿದರೆ ಹೀರೋ ಮುಖದ ಚಿತ್ರದ ಮೇಲೆ ಯಾರೋ ಪೆನ್ನಿನಿಂದ "2" ಅಂತ ಒತ್ತಿ ಬರೆದಿದ್ದರು. ಅಕ್ಷರ ನನ್ನದೇ.

ಸಿಡಿ, ವಿಸಿಡಿಯ ಗುಟ್ಟು ಇಲ್ಲಿದೆ. ಡಿಸ್ಕು 1.2 ಮಿಲಿಮೀಟರ್ ದಪ್ಪ. ಮಾಹಿತಿ ಇರುವ ಅಲ್ಯೂಮಿನಿಯಂ ಪದರ ಇರುವುದು ಮೇಲ್ಗಡೆ, ಚಿತ್ರ ಅಚ್ಚಾದ ಮುಖಕ್ಕೆ ಅಂಟಿಕೊಂಡು. ಅದಕ್ಕೂ ಗಾಳಿಗೂ ನಡುವೆ ಒಂದು ಕೋಟು ಲ್ಯಾಕರ್, ಒಂದಿಷ್ಟು ಶಾಯಿ, ಅಷ್ಟೇ. ಹೊಳೆಯುವ ಕಡೆಯ ಗೀರನ್ನು ಉಜ್ಜಿ ಸರಿ ಮಾಡಬಹುದು. ಚಿತ್ರದ ಕಡೆಯ ಗೀರು ಮಾಹಿತಿಯನ್ನೇ ಕೆರೆದು ತೆಗೆಯುತ್ತದೆ. ನಾವು ಇಷ್ಟು ವರ್ಷ ಸಿಡಿಯನ್ನು ಟೇಬಲ್ ಮೇಲೆ ಇಡುವಾಗ ಹೊಳೆಯುವ ಮುಖ ಮೇಲೆ ಮಾಡಿ ಇಡುತ್ತಿದ್ದೆವು, ಜೋಪಾನ ಅಂತ. ತಪ್ಪು ಕಡೆಗೆ ಜೋಪಾನ.

ವಿಸಿಡಿಗೆ ಇನ್ನೊಂದು ಹುಟ್ಟುದೋಷ ಇದೆ. 1993ರಲ್ಲಿ ಅದು ರೂಪುಗೊಂಡಾಗ ಒಂದು ಸಿಡಿಯಲ್ಲಿ 74 ನಿಮಿಷದ ವಿಡಿಯೊ ತುರುಕಬೇಕಿತ್ತು. ಕಂಪ್ಯೂಟರ್ ಸಿಡಿಯಲ್ಲಿ ಪ್ರತಿ 2,048 ಬೈಟ್ ಮಾಹಿತಿಗೆ 276 ಬೈಟ್ ಕಾವಲಿಗೆ ಇರುತ್ತದೆ. ಎಲ್ಲಾದರೂ ಅಕ್ಷರ ಅಳಿಸಿದರೆ ಅದರ ಲೆಕ್ಕ ಹಿಡಿದು ಮತ್ತೆ ತುಂಬಿಕೊಳ್ಳಲಿ ಅಂತ. ವಿಸಿಡಿಯವರು ವಿಡಿಯೊಗೆ ಜಾಗ ಬೇಕೆಂದು ಆ ಕಾವಲನ್ನು ತೆಗೆದುಹಾಕಿ ಅಲ್ಲೂ ವಿಡಿಯೊ ತುಂಬಿದರು. ಸಂಗೀತದ ಸಿಡಿಗಿರುವ ಮೂಲ ರಕ್ಷಣೆಯಷ್ಟೇ ಉಳಿಯಿತು. ಅದಕ್ಕೇ ಡಿವಿಡಿ ನುಂಗಿಕೊಳ್ಳುವಂಥ ಗೀರಿಗೂ ವಿಸಿಡಿ ತಡವರಿಸುತ್ತದೆ. ಡಿಸ್ಕಿನಲ್ಲಿ ಮಾಹಿತಿ ಸುತ್ತಿಕೊಂಡಿರುವ ಸಾಲಿನುದ್ದಕ್ಕೆ ಸುಮಾರು 2.5 ಮಿಲಿಮೀಟರ್ ಕೆಟ್ಟರೆ ಸಿಡಿ ತಡೆದುಕೊಳ್ಳುತ್ತದೆ. ಡಿವಿಡಿ ಸುಮಾರು 6 ಮಿಲಿಮೀಟರ್ ತಡೆದುಕೊಳ್ಳುತ್ತದೆ. ಡಿಸ್ಕನ್ನು ಸುತ್ತಲೂ ಒರೆಸಬೇಡಿ, ನಡುವಿನಿಂದ ಅಂಚಿಗೆ ನೇರ ಒರೆಸಿ ಅಂತ ಹೇಳುವುದು ಇದಕ್ಕೇ. ಅಡ್ಡ ಗೀರು ಒಂದೊಂದು ಸಾಲಿನಲ್ಲಿ ಒಂದು ಚುಕ್ಕಿಯಷ್ಟೇ ಕೆಡಿಸುತ್ತದೆ, ಸಾಲಿನುದ್ದಕ್ಕೆ ಬಿದ್ದ ಗೀರು ಒಂದು ದೃಶ್ಯವನ್ನೇ ನುಂಗಬಹುದು.

ಡಿವಿಡಿ ಈ ಪಾಠ ಕಲಿತು ಬಂದದ್ದು. ಜಪಾನಿನಲ್ಲಿ 1996ರ ನವೆಂಬರ್‌ನಲ್ಲಿ ಬಂತು. 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಹೋಳಿಗೆಯ ಹೂರಣದ ಹಾಗೆ ಮಾಹಿತಿಯ ಪದರ. ಮೇಲಿಂದ ಗೀಚಿದರೂ ಕೆಳಗಿಂದ ಗೀಚಿದರೂ ಸುಲಭಕ್ಕೆ ತಾಗದು. ಚಿತ್ರದ ಚುಕ್ಕಿಗಳು ವಿಸಿಡಿಯ ನಾಲ್ಕರಷ್ಟು. ಅದರ ನಂತರ ಬಂದ ಬ್ಲೂ ರೇ ಡಿಸ್ಕು ಇನ್ನೂ ಗಟ್ಟಿ. ಅದರ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದ್ದರೂ ಮೇಲೆ ಗೀರು ಬೀಳದ ಗಡುಸು ಲೇಪ ಇರುತ್ತದೆ. ಆದರೆ ನಮ್ಮ ಊರುಗಳಲ್ಲಿ ಬ್ಲೂ ರೇ ಕಂಡವರೇ ಕಮ್ಮಿ. ನಮ್ಮ ಕಥೆ ವಿಸಿಡಿಯದು. ಎಲ್ಲ ಕಡೆ ಓಡುತ್ತಿತ್ತು, ಪ್ರದೇಶದ ಬೀಗ ಇರಲಿಲ್ಲ. ಡಿವಿಡಿಯಲ್ಲಿ ಭಾರತ 5ನೇ ವಲಯ, ಅಮೆರಿಕ 1ನೇ ವಲಯ, ಒಂದರ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡದು. ವಿಸಿಡಿಗೆ ಆ ತಕರಾರೇ ಇಲ್ಲ. ಕೊಲ್ಲಿ ದೇಶಕ್ಕೆ ಹೋಗುವವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಪಕ್ಕ ನಾಲ್ಕು ಸಿನಿಮಾ ಇರುತ್ತಿದ್ದವು.

ಹಾಗಂತ ಡಿಸ್ಕು ಶಾಶ್ವತ ಅಂತ ಅಂದುಕೊಳ್ಳಬೇಡಿ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ಒಳಗೊಳಗೇ ಕೊಳೆತು ಓಡದಂತಾಗಿವೆ ಎಂದು ಅಮೆರಿಕದ ವಾರ್ನರ್ ಬ್ರದರ್ಸ್ 2025ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಯಾರೂ ಬೀಳಿಸಿಲ್ಲ, ಗೀಚಿಲ್ಲ. ಪೆಟ್ಟಿಗೆಯಲ್ಲಿ ಸುಮ್ನೆ ಇದ್ದ ಡಿಸ್ಕುಗಳು. ಆದಷ್ಟು ಬದಲಿ ಕೊಟ್ಟಿದ್ದೇವೆ, ಕೆಲವು ಚಿತ್ರಗಳ ಹಕ್ಕು ಈಗ ನಮ್ಮ ಬಳಿ ಇಲ್ಲದ್ದರಿಂದ ಅಷ್ಟೇ ಬೆಲೆಯ ಬೇರೆ ಚಿತ್ರ ಕೊಟ್ಟಿದ್ದೇವೆ ಅಂತ ಕಂಪನಿ ಹೇಳಿತು. ಸಿನಿಮಾ ಕೊಂಡವನ ಕೈಯಲ್ಲಿರುವಷ್ಟು ಕಾಲ ಅದರ ಹಕ್ಕು ಡಿಸ್ಕು ಮಾಡಿದವನ ಕೈಯಲ್ಲೇ ಇರಲಿಲ್ಲ!

ಅಕ್ಕನ ಮದುವೆ ಕ್ಯಾಸೆಟ್

ಇಲ್ಲಿ ಒಂದು ಮನೆಯ ಮಾತು. ನಮ್ಮ ಅಕ್ಕನ ಮದುವೆ 1994ರಲ್ಲಿ ಆಯಿತು. ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್. ಆರಂಭದಲ್ಲಿ ಹೂವಿನ ಒಳಗಿಂದ ಹೆಣ್ಣು ಗಂಡಿನ ಮುಖ ಅರಳಿ ಬರುತ್ತದೆ, ಗೊತ್ತಲ್ವಾ, ಆ ಥರದ್ದು. 2008ರ ಹೊತ್ತಿಗೆ ಕ್ಯಾಸೆಟ್ ಹಾಳಾದೀತು ಅಂತ ಹೆದರಿ, ಪೇಟೆಯ ಒಂದು ಸ್ಟುಡಿಯೊದಲ್ಲಿ ಕೊಟ್ಟು ಡಿವಿಡಿ ಮಾಡಿಸಿದೆವು. ಎರಡು ಪ್ರತಿ. ಒಂದರ ಮೇಲೆ ಅಕ್ಕನ ಫೋಟೊ ಇರುವ ಸ್ಟಿಕ್ಕರ್ ಕೂಡ ಅಂಟಿಸಿ ಕೊಟ್ಟಿದ್ದರು. ಇನ್ನು ಚಿಂತೆ ಇಲ್ಲ ಅಂತ ಕ್ಯಾಸೆಟ್ಟನ್ನು ಮರೆತೇಬಿಟ್ಟೆವು.

ಅವರ 25ನೇ ವಾರ್ಷಿಕೋತ್ಸವಕ್ಕೆ ಡಿವಿಡಿ ಹಾಕಿದರೆ "ನೋ ಡಿಸ್ಕ್" ಅಂತ ಬಂತು. ಎರಡೂ ಪ್ರತಿ. ಕಾರಣ ಸರಳ. ಕಾರ್ಖಾನೆಯಲ್ಲಿ ಬರುವ ಸಿನಿಮಾ ಡಿವಿಡಿಯಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಒತ್ತಿದ ಗುಳಿ. ಮನೆಯಲ್ಲಿ, ಅಂಗಡಿಯಲ್ಲಿ ಬರೆಯುವ ಡಿಸ್ಕಿನಲ್ಲಿ ಗುಳಿ ಇಲ್ಲ, ಒಂದು ಬಣ್ಣದ ಪದರ ಇರುತ್ತದೆ, ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಖೆ, ಕಮ್ಮಿ ಬೆಲೆಯ ಡಿಸ್ಕು ಮೂರೂ ಸೇರಿದರೆ ಆ ಬಣ್ಣ ಮಾಸುತ್ತದೆ. ಅಂಟಿಸಿದ ಸ್ಟಿಕ್ಕರ್ ಡಿಸ್ಕಿನ ತೂಕದ ಹದ ತಪ್ಪಿಸಿ ಇನ್ನಷ್ಟು ಕೆಡಿಸುತ್ತದೆ. ಅಕ್ಕ ಅತ್ತೇಬಿಟ್ಟಳು. ಕೊನೆಗೆ ಬೀರುವಿನ ತಳದಲ್ಲಿದ್ದ ಮೂಲ ಕ್ಯಾಸೆಟ್ ತೆಗೆದು, ವಿಸಿಆರ್ ಇಟ್ಟುಕೊಂಡ ಒಬ್ಬರನ್ನು ಹುಡುಕಿ ಓಡಿಸಿದರೆ, ಗೆರೆಗಳ ನಡುವೆ ತಾಳಿ ಕಟ್ಟುವುದು ಕಂಡಿತು. ಹಳೆಯದು ಹೊಸದಕ್ಕಿಂತ ಹೆಚ್ಚು ಬಾಳಿತ್ತು. ನಿಮ್ಮ ಮನೆಯಲ್ಲೂ ಅಂಥದೊಂದು ಕ್ಯಾಸೆಟ್ ಇದ್ದರೆ ಈ ಲೇಖನ ಅರ್ಧಕ್ಕೇ ಬಿಟ್ಟು ಅದನ್ನು ಹುಡುಕಿ. ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇವತ್ತು ರಾತ್ರಿಯ ಮಟ್ಟಿಗೆ

ಈಗ ಸ್ಟ್ರೀಮಿಂಗ್. ಇವತ್ತು ರಾತ್ರಿ ಓಡುತ್ತಾ ಅನ್ನುವ ಪ್ರಶ್ನೆಗೆ ಅದು ಮುಕ್ಕಾಲು ಪಾಲು ಚೆನ್ನಾಗಿಯೇ ಉತ್ತರಿಸುತ್ತದೆ. ಒಂದು ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಂಡು ಮಾಡಿ, ಪ್ರತಿ ತುಂಡನ್ನೂ ಐದಾರು ಗುಣಮಟ್ಟದಲ್ಲಿ ತಯಾರಿಸಿ ಇಟ್ಟಿರುತ್ತಾರೆ. ನಿಮ್ಮ ನೆಟ್ ಹೇಗಿದೆ ಅಂತ ನೋಡಿಕೊಂಡು ಆ್ಯಪ್ ಮುಂದಿನ ತುಂಡನ್ನು ಆರಿಸುತ್ತದೆ. ಮಳೆ ಬಂದು ನೆಟ್ ಸೊರಗಿದರೆ ಚಿತ್ರ ಮಂಜಾಗುತ್ತದೆ, ನಿಲ್ಲುವುದಿಲ್ಲ. ಒಂದು ರೀತಿಯಲ್ಲಿ ಇದು ಕ್ಯಾಸೆಟ್ಟಿನ ಸ್ವಭಾವ. ಡಿಸ್ಕು ಒಂದೋ ಪೂರ್ತಿ ಚೆನ್ನ, ಇಲ್ಲ ಪೂರ್ತಿ ಬಂದ್. ನಡುವೆ ಏನೂ ಇಲ್ಲ. ಇನ್ನು ಅವರ ಕಡೆ ಒಂದು ಹಾರ್ಡ್‌ಡಿಸ್ಕ್ ಸುಟ್ಟುಹೋದರೆ ನಿಮಗೆ ಗೊತ್ತೇ ಆಗುವುದಿಲ್ಲ, ಬೇರೆಡೆ ಪ್ರತಿ ಇರುತ್ತದೆ.

2023ರ ನವೆಂಬರ್ 19ರಂದು ವಿಶ್ವಕಪ್ ಕ್ರಿಕೆಟ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು. ಪಂದ್ಯ ಸೋತೆವು, ಅದು ಬೇರೆ ವಿಷಯ. ಮರುವರ್ಷ ನವೆಂಬರ್‌ನಲ್ಲಿ ಮೈಕ್ ಟೈಸನ್ ಮತ್ತು ಜೇಕ್ ಪಾಲ್ ಬಾಕ್ಸಿಂಗ್ ಪಂದ್ಯಕ್ಕೆ ಜನ ಮುಗಿಬಿದ್ದಾಗ ನೆಟ್‌ಫ್ಲಿಕ್ಸ್ ಏದುಸಿರು ಬಿಟ್ಟಿತು. ತುಂಬ ಮನೆಗಳಲ್ಲಿ ಚಕ್ರ ತಿರುಗುತ್ತಾ ಕೂತಿತು. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕಂಪ್ಯೂಟರ್ ಕೇಂದ್ರದಲ್ಲಿ ತೊಂದರೆಯಾಗಿ ಅದನ್ನು ನೆಚ್ಚಿಕೊಂಡಿದ್ದ ಎಷ್ಟೋ ಸೇವೆಗಳು ಒಟ್ಟಿಗೇ ಮಲಗಿದವು. ನಮ್ಮ ಅಟ್ಟದ ಸಿಡಿ ಕೆಟ್ಟರೆ ನಮಗೊಬ್ಬರಿಗೆ ಕೆಡುತ್ತದೆ. ಇದು ಕೆಟ್ಟರೆ ಎಲ್ಲರಿಗೂ ಒಟ್ಟಿಗೇ ಕೆಡುತ್ತದೆ. ಆದರೆ ಒಂದೆರಡು ಗಂಟೆಯಲ್ಲೋ, ಮಾರನೇ ದಿನವೋ ಸರಿಹೋಗುತ್ತದೆ ಅನ್ನುವುದೂ ನಿಜ.

ಈ ಸರಪಳಿಯಲ್ಲಿ ಕೊಂಡಿ ಜಾಸ್ತಿ. ಕರೆಂಟು, ರೂಟರು, ಕೇಬಲ್ಲಿನವರು, ಪಾಸ್‌ವರ್ಡು, ಬ್ಯಾಂಕಿನ ಕಾರ್ಡು, ಆ್ಯಪಿನ ಆವೃತ್ತಿ, ಕೊನೆಗೆ ಟಿವಿಯ ವಯಸ್ಸು. 2019ರ ಡಿಸೆಂಬರ್‌ನಲ್ಲಿ ಕೆಲವು ಹಳೇ ಸ್ಯಾಮ್‌ಸಂಗ್ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಪರದೆ ಚೆನ್ನಾಗಿತ್ತು, ಸ್ಪೀಕರ್ ಚೆನ್ನಾಗಿತ್ತು. ಆ್ಯಪಿಗೆ ಟಿವಿ ಮುದಿಯಾಗಿತ್ತು ಅಷ್ಟೇ. ವಿಸಿಆರ್ ಸಿಗುವುದಿಲ್ಲ ಅಂತ ಗೊಣಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚಿತ್ರದ ಗುಣಮಟ್ಟದ ಬಗ್ಗೆ ಒಂದೇ ಮಾತು. 4ಕೆ ನೋಡಲು 15 ಎಂಬಿಪಿಎಸ್ ವೇಗ ಸಾಕು ಅನ್ನುತ್ತದೆ ನೆಟ್‌ಫ್ಲಿಕ್ಸ್. 4ಕೆ ಬ್ಲೂ ರೇ ಡಿಸ್ಕು 100ರ ಮೇಲೂ ಹೋಗಬಲ್ಲದು. ಕತ್ತಲ ದೃಶ್ಯದಲ್ಲಿ, ಹೊಗೆಯಲ್ಲಿ ವ್ಯತ್ಯಾಸ ಕಾಣುತ್ತದೆ. ನನ್ನ ಕನ್ನಡಕಕ್ಕೆ ಅಷ್ಟೇನೂ ಕಾಣಲಿಲ್ಲ.

ಹತ್ತು ವರ್ಷದ ಮಾತು

ಎರಡನೇ ಪ್ರಶ್ನೆಗೆ ಬಂದರೆ ಸ್ಟ್ರೀಮಿಂಗ್ ಬಾಯಿ ಕಟ್ಟುತ್ತದೆ. ಯಾಕೆಂದರೆ ಅಲ್ಲಿ ಸಿನಿಮಾ ಕೆಡುವುದು ತುಕ್ಕಿನಿಂದಲೂ ಅಲ್ಲ, ಗೀರಿನಿಂದಲೂ ಅಲ್ಲ. ಕರಾರು ಮುಗಿಯುವುದರಿಂದ. ಒಂದು ಆ್ಯಪು ಒಂದು ಸಿನಿಮಾವನ್ನು ಇಂತಿಷ್ಟು ವರ್ಷಕ್ಕೆ ಅಂತ ಬಾಡಿಗೆಗೆ ತಂದಿರುತ್ತದೆ. ಗಡುವು ಮುಗಿದ ರಾತ್ರಿ 12ಕ್ಕೆ ಅದು ಮಾಯ. ಫೈಲು ಎಲ್ಲೋ ಚಿನ್ನದ ಹಾಗೆ ಸುರಕ್ಷಿತವಾಗಿಯೇ ಇರುತ್ತದೆ, ನಿಮಗೆ ಸಿಗುವುದಿಲ್ಲ ಅಷ್ಟೇ. ಡೌನ್‌ಲೋಡ್ ಮಾಡಿಟ್ಟುಕೊಂಡೆ ಅಂದುಕೊಂಡರೆ ಅದೂ ನಿಮ್ಮದಲ್ಲ. ಕೆಲವು ಚಿತ್ರಗಳು ಒಮ್ಮೆ ಶುರು ಮಾಡಿದ 48 ಗಂಟೆಗೆ ತಾವೇ ಬೀಗ ಹಾಕಿಕೊಳ್ಳುತ್ತವೆ.

ಆ್ಯಪುಗಳೇ ಉಳಿಯುವುದಿಲ್ಲ ಅಲ್ವಾ. ಕನ್ನಡದ ಧಾರಾವಾಹಿ, ರಿಯಾಲಿಟಿ ಶೋಗಳನ್ನು ವೂಟ್‌ನಲ್ಲಿ ನೋಡುತ್ತಿದ್ದವರು 2023ರಲ್ಲಿ ಜಿಯೊಸಿನಿಮಾಕ್ಕೆ ಹೋದರು. 2025ರ ಫೆಬ್ರುವರಿಯಲ್ಲಿ ಅದೂ ಹೋಗಿ ಜಿಯೊಹಾಟ್‌ಸ್ಟಾರ್ ಆಯಿತು. ಎರಡು ವರ್ಷದಲ್ಲಿ ಮೂರು ಬೋರ್ಡು. ಮನೆ ಬದಲಿಸುವಾಗ ಒಂದೆರಡು ಡಬ್ಬ ಕಳೆದುಹೋಗುವುದು ಗೊತ್ತಿದ್ದದ್ದೇ.

ದುಡ್ಡು ಕೊಟ್ಟು "ಕೊಂಡರೆ"? ವಿದೇಶದಲ್ಲಿ ಅದೂ ಆಗಿ ನೋಡಿದೆ. ಸಿನಿಮಾ ಕೊಂಡವರಿಗೆ ಎಲ್ಲೆಡೆ ನೋಡುವ ಹಕ್ಕು ಕೊಡುವುದಾಗಿ ಹಾಲಿವುಡ್‌ನವರು ಸೇರಿ ಕಟ್ಟಿದ ಅಲ್ಟ್ರಾವಯೊಲೆಟ್ ಎಂಬ ಸೇವೆ 2019ರ ಜುಲೈ 31ಕ್ಕೆ ಮುಚ್ಚಿತು. 2023ರ ಡಿಸೆಂಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ಅವರ ಖಾತೆಯಿಂದ ತೆಗೆಯುವುದಾಗಿ ಹೇಳಿತು. ಗಲಾಟೆಯಾದ ಮೇಲೆ ಕರಾರು ಮುಂದುವರಿಸಿ ಸುಮ್ಮನಾಯಿತು. ಕ್ಯಾಲಿಫೋರ್ನಿಯಾ ಒಂದು ಕಾನೂನನ್ನೇ ಮಾಡಿತು. ನೋಡುವ ಪರವಾನಗಿಯಷ್ಟೇ ಕೊಡುತ್ತಿದ್ದರೆ "ಕೊಳ್ಳಿ" ಎಂಬ ಗುಂಡಿ ಇಡುವಾಗ ಅದನ್ನು ಬಿಡಿಸಿ ಹೇಳಬೇಕು ಎಂದು. 2025ರ ಜನವರಿ 1ರಿಂದ ಜಾರಿಯಲ್ಲಿದೆ. ಸಿನಿಮಾ ಉಳಿಸುವ ಕಾನೂನಲ್ಲ ಅದು, ಸತ್ಯ ಹೇಳಿಸುವ ಕಾನೂನು.

ಇದರ ಪಕ್ಕದಲ್ಲಿ ನಮ್ಮ ಮೋಸರ್ ಬೇರ್ ಕಥೆ ಇಟ್ಟು ನೋಡಿ. 2007ರಲ್ಲಿ ಆ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿತು. ಕಳ್ಳ ಸಿಡಿಯ ಬೆಲೆಗೇ ಅಸಲಿ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಿಸ್ಕತ್ತು ಪೊಟ್ಟಣದ ಪಕ್ಕ ನೇತಾಡುತ್ತಿದ್ದವು. 2018ರಲ್ಲಿ ಕಂಪನಿ ದಿವಾಳಿಯಾಗಿ ಆಸ್ತಿ ಹರಾಜಿಗೆ ಬಂತು. ಅದರ ಡಿಸ್ಕು ನಮ್ಮ ಮನೆಯಲ್ಲಿ ನಾಲ್ಕಿವೆ. ಮೊನ್ನೆ ಹಾಕಿದೆ, ನಾಲ್ಕೂ ಓಡಿದವು. ಕಂಪನಿ ಮುಳುಗಿದ್ದು ಡಿಸ್ಕಿಗೆ ಗೊತ್ತೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. 2024ರ ಜನವರಿಯಲ್ಲಿ ಒಂದು ತಮಿಳು ಚಿತ್ರವನ್ನು, ದೂರುಗಳು ಬಂದ ಮೇಲೆ ನೆಟ್‌ಫ್ಲಿಕ್ಸ್‌ನಿಂದ ತೆಗೆಯಲಾಯಿತು. ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ವಿಸಿಡಿ ಕಾಲದಲ್ಲಿ ಹೀಗೆ ಮಾಡಬೇಕಾದರೆ ಮನೆಮನೆಗೆ ಹೋಗಿ ಸಿಡಿ ವಾಪಸ್ ಕೇಳಬೇಕಾಗುತ್ತಿತ್ತು.

ಕನ್ನಡದ ಲೆಕ್ಕ ಬೇರೆ

ಇಂಗ್ಲಿಷ್, ಹಿಂದಿ ಚಿತ್ರಗಳ ಮಟ್ಟಿಗೆ ಇದು ಬರೀ ಕಿರಿಕಿರಿ. ಇಲ್ಲಿ ಹೋದದ್ದು ಅಲ್ಲಿ ಸಿಗುತ್ತದೆ. ಕನ್ನಡಕ್ಕೆ ಬಂದರೆ ಚಿಂತೆ ಬೇರೆ. ನಮ್ಮ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ, ಅಷ್ಟರಲ್ಲಿ ಎಷ್ಟೋ ಹೋಗಿತ್ತು. 2003ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಹಳೇ ನೈಟ್ರೇಟ್ ರೀಲುಗಳು ಸುಟ್ಟವು. ಒಂದೇ ಜಾಗದಲ್ಲಿ ಇಟ್ಟದ್ದು ಒಂದೇ ಸಲಕ್ಕೆ ಹೋಗಬಹುದು.

ವಿಸಿಡಿ ಮಾಡಿದ ದೊಡ್ಡ ಉಪಕಾರ ಅದರ ಗುಣಮಟ್ಟದ್ದಲ್ಲ. 352 ಚುಕ್ಕಿ ಅಗಲ, 288 ಎತ್ತರ, ಇವತ್ತಿನ ಫೋನು ನಗುತ್ತದೆ. ಆದರೆ ಮೂರು ದಿನ ಓಡಿ ಎತ್ತಂಗಡಿಯಾದ ಸಿನಿಮಾದ ಪ್ರತಿಯೂ ಹುಬ್ಬಳ್ಳಿಯ ಒಂದು ಮನೆಯಲ್ಲಿ, ತುಮಕೂರಿನ ಒಂದು ಟ್ರಂಕಿನಲ್ಲಿ, ದುಬೈನ ಒಂದು ಕಪಾಟಿನಲ್ಲಿ ಚದುರಿ ಕೂತಿತು. ಯಾರೂ ಅದನ್ನು ಕಾಪಾಡಬೇಕೆಂದು ಕಾಪಾಡಲಿಲ್ಲ. ಬಿಸಾಡಲು ಸೋಮಾರಿತನ ಅಷ್ಟೇ. ಆ ಸೋಮಾರಿತನವೇ ನಮ್ಮ ಎಷ್ಟೋ ಸಿನಿಮಾಗಳಿಗೆ ಕಾವಲಾಗಿದೆ. ಯೂಟ್ಯೂಬಿನಲ್ಲಿ ಸಿಗುವ ಹಳೇ ಕನ್ನಡ ಚಿತ್ರಗಳನ್ನು ಗಮನಿಸಿ. ಕೆಲವಲ್ಲಿ ಮೂಲೆಯಲ್ಲಿ ಟಿವಿ ಚಾನೆಲಿನ ಗುರುತು, ಕೆಲವಲ್ಲಿ ನಡುವೆ ವಿಸಿಡಿ ಕಂಪನಿಯ ಫೋನ್ ನಂಬರ್ ತೇಲಿ ಹೋಗುತ್ತದೆ. ಇನ್ನೂ ಚೆನ್ನಾದ ಪ್ರತಿ ಸಿಕ್ಕಿದ್ದರೆ ಅದನ್ನೇ ಹಾಕುತ್ತಿದ್ದರು.

ಈಗಿನ ಸಣ್ಣ ಸಿನಿಮಾಕ್ಕೆ ಈ ಭಾಗ್ಯವೂ ಇಲ್ಲ. ಕನ್ನಡದಲ್ಲಿ ವರ್ಷಕ್ಕೆ 200ರ ಆಸುಪಾಸು ಸಿನಿಮಾ ಬರುತ್ತವೆ. ದೊಡ್ಡ ಒಟಿಟಿಗಳು ಕನ್ನಡದವನ್ನು ಕೊಳ್ಳಲು ಮೀನಮೇಷ ಎಣಿಸುತ್ತವೆ. ರಕ್ಷಿತ್ ಶೆಟ್ಟಿಯಂಥವರೇ ತಮ್ಮ ವೆಬ್ ಸರಣಿಯನ್ನು ಯಾರೂ ಕೊಳ್ಳದ್ದಕ್ಕೆ 2024ರಲ್ಲಿ ಅದಕ್ಕೆಂದೇ ಒಂದು ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ಅವರದೇ ಆ ಗತಿಯಾದರೆ ಹೊಸ ಹುಡುಗರ ಪಾಡೇನು? 2005ರಲ್ಲಿ ಸೋತ ಸಿನಿಮಾಕ್ಕೆ ಕಡೇ ಪಕ್ಷ ಒಂದು ವಿಸಿಡಿ ಇರುತ್ತಿತ್ತು. ಈಗ ಸೋತದ್ದು ನಿರ್ಮಾಪಕರ ಬೀರುವಿನ ಒಂದೆರಡು ಹಾರ್ಡ್‌ಡಿಸ್ಕಿನಲ್ಲಿ ಇರುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದ ಹಾರ್ಡ್‌ಡಿಸ್ಕು ಮತ್ತೆ ತಿರುಗುತ್ತದೆ ಅನ್ನುವ ಭರವಸೆ ಇಲ್ಲ. ಚಿತ್ರಮಂದಿರಕ್ಕೆ ಕೊಟ್ಟ ಪ್ರತಿಗೆ ಬೀಗ ಇರುತ್ತದೆ, ಕೀಲಿಯ ಅವಧಿ ಮುಗಿದರೆ ಅದೂ ಕಲ್ಲು. ನನ್ನ ಪ್ರಕಾರ ಇವತ್ತು ಅತಿ ಅಪಾಯದಲ್ಲಿರುವುದು ಕಪ್ಪುಬಿಳುಪು ಕಾಲದ ಚಿತ್ರಗಳಲ್ಲ, ಈ ಹತ್ತು ವರ್ಷದಲ್ಲಿ ಬಂದು ಯಾರ ಕಣ್ಣಿಗೂ ಬೀಳದೆ ಹೋದವು.

2025ರ ಮಾರ್ಚ್‌ನ ರಾಜ್ಯ ಬಜೆಟ್ಟಿನಲ್ಲಿ ಕನ್ನಡ ಸಿನಿಮಾಗಳಿಗೆ ಸರ್ಕಾರದ್ದೇ ಒಟಿಟಿ ಮಾಡುತ್ತೇವೆ ಎಂದು ಘೋಷಿಸಿದರು. ಅದೇ ಭಾಷಣದಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಅಂತಲೂ ಇತ್ತು. ಸುದ್ದಿಯಾದದ್ದು ಒಟಿಟಿ ಮತ್ತು ಟಿಕೆಟ್ ಬೆಲೆಗೆ 200 ರೂಪಾಯಿ ಮಿತಿ. ನನಗೆ ಆಸೆ ಹುಟ್ಟಿಸಿದ್ದು ಆ 3 ಕೋಟಿಯ ಸಾಲು. ಒಟಿಟಿ ಇವತ್ತು ರಾತ್ರಿಗೆ ಬೇಕು, ಭಂಡಾರ ಹತ್ತು ವರ್ಷಕ್ಕೆ ಬೇಕು.

ಡಿಸ್ಕನ್ನೇ ನೆಚ್ಚಿಕೊಳ್ಳೋಣ ಅಂದರೆ ಆ ದಾರಿಯೂ ಮುಚ್ಚುತ್ತಿದೆ. ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ ರೇ ಪ್ಲೇಯರ್ ತರುವುದನ್ನು ನಿಲ್ಲಿಸಿತು, 2024ರ ಕೊನೆಗೆ ಎಲ್‌ಜಿ. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ಕ್ಕೆ ಕೊನೇ ಲಕೋಟೆ ಹಾಕಿ ಕೈ ತೊಳೆದುಕೊಂಡಿತು. ವಿಸಿಆರ್‌ಗೆ ಆದದ್ದು ಇನ್ನು ಹತ್ತು ಹದಿನೈದು ವರ್ಷದಲ್ಲಿ ಡಿವಿಡಿ ಪ್ಲೇಯರಿಗೂ ಆದೀತು. ಓಡುವ ಪ್ಲೇಯರ್ ಇದ್ದರೆ ಗುಜರಿಗೆ ಹಾಕಬೇಡಿ.

ನಮ್ಮ ಎರಡನೇ ಡಿಸ್ಕಿನ ಕಥೆ ಬಾಕಿ ಇದೆ. ಯುಎಸ್‌ಬಿಗೆ ಚುಚ್ಚುವ ಒಂದು ಡ್ರೈವ್ ಎರವಲು ತಂದೆ. ವಿಸಿಡಿಗೆ ಬೀಗ ಇರುವುದಿಲ್ಲ. ಒಳಗೆ ಎಂಪೆಗ್‌ಎವಿ ಅಂತ ಒಂದು ಫೋಲ್ಡರು, ಅದರಲ್ಲಿ ಡ್ಯಾಟ್ ಎಂದು ಮುಗಿಯುವ ಒಂದು ದೊಡ್ಡ ಫೈಲು, ಅದೇ ಸಿನಿಮಾ. ಸುಮ್ನೆ ಕಾಪಿ ಮಾಡಹೋದರೆ ಗೀರಿನ ಹತ್ತಿರ ಬಂದು ಕೈಯೆತ್ತಿತು. ಡಿಡಿರೆಸ್ಕ್ಯೂ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಓದಲಾಗದ ಜಾಗ ಬಿಟ್ಟು ಮುಂದೆ ಹೋಗಿ, ಆಮೇಲೆ ಮತ್ತೆ ಮತ್ತೆ ಬಂದು ಕೆರೆದು ನೋಡುತ್ತದೆ. ರಾತ್ರಿಯಿಡೀ ಡ್ರೈವು ಗುರ್ ಅನ್ನುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಹೆಚ್ಚೂ ಕಮ್ಮಿ ಎಲ್ಲ ಬಂದಿತ್ತು. 17ನೇ ನಿಮಿಷದಲ್ಲಿ ಕೆಲವು ಸೆಕೆಂಡು ಮಾತ್ರ ಬರೀ ಚೌಕಗಳು. ಪೆನ್‌ಡ್ರೈವಿಗೆ ಹಾಕಿ ಮಾವನವರಿಗೆ ಒಂದು ಪ್ರತಿ ಕೊಟ್ಟೆ, ನಾನೊಂದು ಇಟ್ಟುಕೊಂಡೆ.

ಸಂಕ್ರಾಂತಿ ಹೊತ್ತಿಗೆ ಅದೇ ಸಿನಿಮಾ ಇನ್ನೊಂದು ಆ್ಯಪಿನಲ್ಲಿ ಬಂತು, ಬಾಡಿಗೆಗೆ. ಒಮ್ಮೆ ಶುರು ಮಾಡಿದರೆ 48 ಗಂಟೆ. ಮಾವನವರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅದರಲ್ಲಿ ಆ 17ನೇ ನಿಮಿಷ ಇದೆಯಾ ನೋಡು. ಅಷ್ಟು ಇದ್ದರೆ ಸಾಕು, ಮಿಕ್ಕಿದ್ದು ನನ್ನ ಹತ್ತಿರ ಇದೆ."